ಅಲಗಿನ ಮೇಲೆ ಇಲ್ಲದ ಹೆಸರುಗಳು: ವಿಕ್ಟೋರಿಯಾ ಕಾಲದ ಶೆಫೀಲ್ಡಿಗೆ ಒಂದು ಪ್ರವೇಶ

1850ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ತಯಾರಾದ ಊಟದ ಚಾಕು ಒಂದನ್ನು ಮೊದಲು ಗಮನಿಸೋಣ. ಅದರ ಅಲಗಿನ ಬುಡದಲ್ಲಿ ಒಂದು ಹೆಸರು, ಜೊತೆಗೆ ಒಂದು ಪುಟ್ಟ ಗುರುತು ಒತ್ತಿರುತ್ತದೆ. ಜೋಸೆಫ್ ರಾಜರ್ಸ್ ಕಂಪನಿಯದಾದರೆ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ, ವೋಸ್ಟನ್‌ಹೋಮ್ ಕಂಪನಿಯದಾದರೆ ಐ ಎಕ್ಸ್ ಎಲ್ ಎಂಬ ಮೂರು ಅಕ್ಷರ. ಕೊಳ್ಳುವವರು ನಂಬುತ್ತಿದ್ದುದು ಆ ಗುರುತನ್ನೇ. ಆದರೆ ಆ ಅಲಗನ್ನು ಕಾಯಿಸಿ ಬಡಿದವನು, ಸಾಣೆ ಹಿಡಿದವನು, ಹಿಡಿ ಕೂರಿಸಿದವನು, ಕೊನೆಗೆ ಒರೆಸಿ ಕಾಗದದಲ್ಲಿ ಸುತ್ತಿಟ್ಟವಳು, ಇವರಲ್ಲಿ ಒಬ್ಬರ ಹೆಸರೂ ಅದರ ಮೇಲಿಲ್ಲ. ಹತ್ತೊಂಬತ್ತನೆಯ ಶತಮಾನದ ಈ ಊರನ್ನು ಹೊಸದಾಗಿ ಓದಲು ಹೊರಟವರ ಮುಂದಿರುವ ಕೆಲಸ ಇದು: ಅಲಗಿನ ಮೇಲೆ ಸಿಗದ ಆ ಹೆಸರುಗಳು ಬೇರೆ ಯಾವ ಯಾವ ಪುಸ್ತಕಗಳಲ್ಲಿ ಸಿಗುತ್ತವೆ, ಎಲ್ಲಿ ಸಿಗುವುದೇ ಇಲ್ಲ ಎಂದು ಹುಡುಕುವುದು. ಅವಸರ ಬೇಡ. ಮೊದಲು ಊರನ್ನು ನೋಡೋಣ, ಆಮೇಲೆ ಕಸುಬುಗಳನ್ನು, ಆಮೇಲೆ ಆ ಪುಸ್ತಕಗಳನ್ನು.

ಶೆಫೀಲ್ಡ್ ಇರುವುದು ಯಾರ್ಕ್‌ಷೈರಿನ ದಕ್ಷಿಣದ ಅಂಚಿನಲ್ಲಿ, ಪೆನ್ನೈನ್ ಬೆಟ್ಟಸಾಲು ಇಳಿಜಾರಾಗಿ ಬಯಲು ಸೇರುವ ಕಡೆ. ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ನದಿಗಳು ಬೆಟ್ಟದಿಂದ ಇಳಿದು ಈ ಊರಿನ ನೆಲದಲ್ಲೇ ಕೂಡುತ್ತವೆ. ನದಿ ಎಂದೊಡನೆ ಕಾವೇರಿ, ತುಂಗಭದ್ರೆಯರನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಇವುಗಳಲ್ಲಿ ಹೆಚ್ಚಿನವು ನಮ್ಮ ಮಲೆನಾಡಿನ ಹಳ್ಳಗಳಷ್ಟೇ ಅಗಲ. ಆದರೆ ಇಳಿಜಾರು ಇರುವುದರಿಂದ ನೀರಿಗೆ ಸೆಳವಿದೆ, ಚಕ್ರ ತಿರುಗಿಸುವ ಬಲವಿದೆ. ಸುತ್ತಲ ಬೆಟ್ಟಗಳಲ್ಲಿ ಸಾಣೆಗಲ್ಲಿಗೆ ಹೇಳಿಮಾಡಿಸಿದ ಮರಳುಗಲ್ಲು, ನೆಲದಡಿ ಕಲ್ಲಿದ್ದಲು, ಇದ್ದಿಲಿಗೆ ಓಕ್ ಕಾಡು. ಒಳ್ಳೆಯ ಕಬ್ಬಿಣ ಮಾತ್ರ ಅಲ್ಲಿರಲಿಲ್ಲ, ಅದು ಸ್ವೀಡನ್ನಿನಿಂದ ಹಡಗಿನಲ್ಲಿ ಬರುತ್ತಿತ್ತು. ಹದಿನಾಲ್ಕನೆಯ ಶತಮಾನದಲ್ಲೇ ಕವಿ ಚಾಸರ್ ತನ್ನ ಒಂದು ಕಥೆಯ ಗಿರಣಿಯವನ ಬಳಿ ಶೆಫೀಲ್ಡಿನ ಚಾಕು ಇತ್ತೆಂದು ಬರೆದಿದ್ದಾನೆ. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ‘ಕಟ್ಲರ್ಸ್ ಕಂಪನಿ’ ಎಂಬ ಕಸುಬುದಾರರ ಸಂಸ್ಥೆ ಹುಟ್ಟಿತು. ಅಲಗಿನ ಮೇಲಿನ ಗುರುತುಗಳನ್ನು ದಾಖಲಿಸಿ ಕಾಯುವುದು ಅದರ ಮುಖ್ಯ ಕೆಲಸಗಳಲ್ಲಿ ಒಂದು. ಅದರ ಮುಖ್ಯಸ್ಥನಿಗೆ ‘ಮಾಸ್ಟರ್ ಕಟ್ಲರ್’ ಎಂಬ ಪದವಿ. ಊರಿನಲ್ಲಿ ಆ ಪದವಿಗಿದ್ದ ಗೌರವ ದೊಡ್ಡದು.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದದ್ದು 1837ರಲ್ಲಿ. ಮರುವರ್ಷವೇ ಶೆಫೀಲ್ಡಿನಿಂದ ಪಕ್ಕದ ರಾದರಮ್ ಊರಿಗೆ ರೈಲು ಬಂತು. 1843ರಲ್ಲಿ ಪುರಸಭೆ, 1893ರಲ್ಲಿ ನಗರವೆಂಬ ಮಾನ್ಯತೆ. 1851ರ ಜನಗಣತಿಯಲ್ಲಿ ಸುಮಾರು 1 ಲಕ್ಷ 35 ಸಾವಿರ ಜನರಿದ್ದ ಊರು, ರಾಣಿ ತೀರಿಕೊಂಡ 1901ರ ಹೊತ್ತಿಗೆ ಹತ್ತಿರಹತ್ತಿರ ಮೂರು ಪಟ್ಟು ಬೆಳೆದಿತ್ತು.

ಕೈಗಾರಿಕಾ ನಗರ ಎಂದರೆ ನಮ್ಮ ಮನಸ್ಸಿಗೆ ಬರುವುದು ಮ್ಯಾಂಚೆಸ್ಟರಿನ ಚಿತ್ರ: ಏಳಂತಸ್ತಿನ ಹತ್ತಿ ಗಿರಣಿ, ಬೆಳಗ್ಗೆ ಗಂಟೆ ಬಾರಿಸಿದರೆ ಒಂದೇ ಬಾಗಿಲಿನಲ್ಲಿ ಒಳನುಗ್ಗುವ ಸಾವಿರಾರು ಆಳು. ಶೆಫೀಲ್ಡಿಗೆ ಬರುವವರು ಆ ಚಿತ್ರವನ್ನು ಬದಿಗಿಡಬೇಕು. ಚಾಕುವಿನ ಕಸುಬು ಇಲ್ಲಿ ಒಂದೇ ಸೂರಿನ ಕೆಳಗೆ ಇರಲಿಲ್ಲ. ಒಂದು ಬೀದಿಯ ಹಿತ್ತಲಿನಲ್ಲಿ ಅಲಗು ಬಡಿಯುತ್ತಿದ್ದರು. ಅಲ್ಲಿಂದ ಅದನ್ನು ಬುಟ್ಟಿಯಲ್ಲಿ ಹೊತ್ತು ಹೊಳೆಯ ದಡಕ್ಕೋ ಉಗಿಯಂತ್ರದ ಕಟ್ಟಡಕ್ಕೋ ಒಯ್ದು ಸಾಣೆ ಹಿಡಿಸುತ್ತಿದ್ದರು. ಮತ್ತೊಂದು ಓಣಿಯಲ್ಲಿ ಹಿಡಿ ಕೂರಿಸುತ್ತಿದ್ದರು. ಇನ್ನೊಂದು ಕಡೆ ಹೊಳಪು ಕೊಡುತ್ತಿದ್ದರು. ಕೊನೆಗೆ ಯಾರ ಗುರುತು ಅಲಗಿನ ಮೇಲಿದೆಯೋ ಅವರ ಉಗ್ರಾಣಕ್ಕೆ ಸರಕು ಬರುತ್ತಿತ್ತು. ಗುರುತಿನ ಒಡೆಯ ಅದನ್ನು ಒಮ್ಮೆಯೂ ಬೆಂಕಿಗೆ ಹಿಡಿದಿರಬೇಕೆಂದಿಲ್ಲ.

ಈ ಏರ್ಪಾಡಿನ ನಡುವೆ ಇದ್ದವನು ‘ಲಿಟ್ಲ್ ಮೆಸ್ಟರ್’, ಅಂದರೆ ಚಿಕ್ಕ ಮೇಸ್ತ್ರಿ. ಇವನು ಪೂರ್ತಿ ಕೂಲಿಯಾಳೂ ಅಲ್ಲ, ಪೂರ್ತಿ ಯಜಮಾನನೂ ಅಲ್ಲ. ಸಾಮಾನು ಸರಂಜಾಮು ತನ್ನದೇ. ಕೆಲಸದ ಜಾಗ ಮಾತ್ರ ಬಾಡಿಗೆಯದು, ಕೆಲವೊಮ್ಮೆ ಒಂದು ಕೋಣೆಯಲ್ಲ, ಕೋಣೆಯ ಒಂದು ಮಗ್ಗುಲು ಅಷ್ಟೇ. ದೊಡ್ಡ ಕಂಪನಿ ಉಕ್ಕು ಕೊಟ್ಟು, ಡಜನ್ ಲೆಕ್ಕದಲ್ಲಿ ಕೂಲಿ ಗೊತ್ತುಮಾಡುತ್ತಿತ್ತು. ಕೆಲಸ ಹೆಚ್ಚು ಬಂದಾಗ ಚಿಕ್ಕ ಮೇಸ್ತ್ರಿ ಒಂದಿಬ್ಬರನ್ನು ತನ್ನ ಕೈಕೆಳಗೆ ಇಟ್ಟುಕೊಳ್ಳುತ್ತಿದ್ದ, ಕೆಲಸ ಬತ್ತಿದಾಗ ತಾನೇ ಇನ್ನೊಬ್ಬನ ಕೈಕೆಳಗೆ ಹೋಗುತ್ತಿದ್ದ. ಹೀಗಾಗಿ ಒಬ್ಬನೇ ಮನುಷ್ಯ ಹತ್ತು ವರ್ಷದಲ್ಲಿ ಆಳು, ಮೇಸ್ತ್ರಿ, ಮತ್ತೆ ಆಳು ಎಂದು ದಾಖಲಾಗಿದ್ದರೆ ಅದು ಬರೆದವನ ತಪ್ಪಲ್ಲ. ಬದುಕೇ ಹಾಗಿತ್ತು.

ಡಜನ್ ಲೆಕ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜೋನಾಥನ್ ವಾಟ್ಕಿನ್ಸನ್ ಎಂಬ ಮಾಸ್ಟರ್ ಕಟ್ಲರ್, ಡಜನ್ ಎಂದರೆ ಹದಿಮೂರು ಚಾಕು ಕೊಡಬೇಕೆಂದು ಕೆಲಸಗಾರರನ್ನು ಒತ್ತಾಯಿಸಿದ. ಕೂಲಿ ಹನ್ನೆರಡಕ್ಕೆ, ಕೆಲಸ ಹದಿಮೂರಕ್ಕೆ. ಜೋಸೆಫ್ ಮ್ಯಾದರ್ ಎಂಬ ಅರ ಕಡಿಯುವ ಕಸುಬಿನವನು ಅವನ ಮೇಲೆ ಒಂದು ಹಾಡು ಕಟ್ಟಿದ, ಊರಿಗೆ ಊರೇ ಅದನ್ನು ಹಾಡಿತು. ಹಾಡು ಉಳಿಯಿತು, ಪದ್ಧತಿಯೂ ಉಳಿಯಿತು. ಮುಂದೆ ಕೆಲವು ಕಸುಬುಗಳಲ್ಲಿ ಹದಿನಾಲ್ಕನ್ನು ಡಜನ್ ಎಂದು ಎಣಿಸುವಲ್ಲಿಗೆ ಹೋಯಿತು. ಹಾಳಾಗುವ ಮಾಲಿನ ಲೆಕ್ಕ ಎಂಬುದು ಯಜಮಾನರ ಸಮಜಾಯಿಷಿ. ನನಗೆ ಇದು ಇಡೀ ಊರಿನ ಲೆಕ್ಕಪತ್ರದಲ್ಲಿ ಅತ್ಯಂತ ಅನ್ಯಾಯದ ಸಾಲಾಗಿ ಕಾಣುತ್ತದೆ, ಏಕೆಂದರೆ ಆ ಎರಡು ಚಾಕುಗಳ ಬೆಲೆ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಇನ್ನು ಸಾಣೆಗಾರರ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಸಾಣೆಯ ಕಟ್ಟಡವನ್ನು ಅಲ್ಲಿನವರು ‘ವೀಲ್’ ಎನ್ನುತ್ತಿದ್ದರು, ಅದರೊಳಗಿನ ಒಂದೊಂದು ಕೋಣೆಯನ್ನು ‘ಹಲ್’ ಎನ್ನುತ್ತಿದ್ದರು. ನೆಲಕ್ಕೆ ಹುದುಗಿಸಿದ ತೊಟ್ಟಿಯಲ್ಲಿ ದೊಡ್ಡ ಸಾಣೆಗಲ್ಲು ತಿರುಗುತ್ತಿರುತ್ತದೆ. ಅದರ ಹಿಂದೆ ಕುದುರೆಯ ಜೀನಿನ ಆಕಾರದ ಮರದ ಪೀಠ. ಸಾಣೆಗಾರ ಅದರ ಮೇಲೆ ಕಾಲು ಚಾಚಿ ಕೂತು, ಮೊಣಕೈಯನ್ನು ಮೊಣಕಾಲಿಗೆ ಊರಿ, ಅಲಗನ್ನು ಕಲ್ಲಿಗೆ ಒತ್ತುತ್ತಾನೆ. ಊಟದ ಚಾಕು, ಗರಗಸಗಳಿಗೆ ತೊಟ್ಟಿಯಲ್ಲಿ ನೀರಿರುತ್ತದೆ. ಹಳದಿ ಬಣ್ಣದ ಕೆಸರು ಮೈಮೇಲೆಲ್ಲ ಸಿಡಿಯುತ್ತದೆ. ಬಟ್ಟೆ ದಿನವಿಡೀ ಒದ್ದೆ. ಆದರೆ ಫೋರ್ಕು ಮುಂತಾದವಕ್ಕೆ ಒಣ ಸಾಣೆ. ನೀರಿಲ್ಲದ ಕಲ್ಲಿನಿಂದ ಏಳುವ ಕಲ್ಲಿನ ಪುಡಿ, ಉಕ್ಕಿನ ಪುಡಿ ಎರಡೂ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತಿದ್ದವು. ಇದರಿಂದ ಬರುವ ಕಾಯಿಲೆಯನ್ನು ಆಗ ‘ಸಾಣೆಗಾರರ ಆಸ್ತಮಾ’ ಎನ್ನುತ್ತಿದ್ದರು. ಇಂದಿನ ವೈದ್ಯರು ಸಿಲಿಕೋಸಿಸ್ ಎನ್ನುತ್ತಾರೆ. ನಮ್ಮ ಕಲ್ಲು ಕ್ವಾರಿಗಳ ಕೆಲಸಗಾರರಿಗೆ ಬರುವುದೂ ಅದೇ.

ಶೆಫೀಲ್ಡಿನ ವೈದ್ಯ ಡಾ. ನೈಟ್ ಕಂಡದ್ದನ್ನು ಫ್ರೆಡ್ರಿಕ್ ಎಂಗೆಲ್ಸ್ 1845ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಕಾರ್ಮಿಕ ವರ್ಗದ ಸ್ಥಿತಿಗತಿಯ ಬಗೆಗಿನ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಆ ಪುಸ್ತಕದ ಲೆಕ್ಕದಂತೆ ಊರಿನಲ್ಲಿ ಸುಮಾರು 2,500 ಸಾಣೆಗಾರರಿದ್ದರು. ಅವರಲ್ಲಿ ಫೋರ್ಕಿಗೆ ಸಾಣೆ ಹಿಡಿಯುವವರು ಸುಮಾರು 150 ಜನ: 80 ಗಂಡಸರು, 70 ಹುಡುಗರು. ಇವರು 28ರಿಂದ 32ನೆಯ ವಯಸ್ಸಿನೊಳಗೆ ಸಾಯುತ್ತಿದ್ದರು. ಕ್ಷೌರದ ಕತ್ತಿಯವರು 40ರಿಂದ 45ಕ್ಕೆ, ನೀರಿನ ಸಾಣೆಯಲ್ಲಿ ಊಟದ ಚಾಕು ಹಿಡಿಯುವವರು 40ರಿಂದ 50ಕ್ಕೆ. ಈ ಅಂಕಿಗಳನ್ನು ಓದಿ ಮುಂದಿನ ಪುಟಕ್ಕೆ ಹೋಗಿಬಿಡಬೇಡಿ. 80 ಗಂಡಸರಿಗೆ 70 ಹುಡುಗರು ಎಂಬ ಅನುಪಾತದಲ್ಲೇ ಕಥೆಯಿದೆ. ಹಿರಿಯರು ಬೇಗ ಸಾಯುವ ಕಸುಬಿನಲ್ಲಿ ಹುಡುಗರು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬೇಕಾಗುತ್ತಾರೆ.

ಪುಡಿಯನ್ನು ಹೊರಗೆ ಎಳೆಯುವ ಫ್ಯಾನಿನ ಕೊಳವೆಗಳು ಆಗಲೇ ಬಂದಿದ್ದವು. ಅವನ್ನು ಹಾಕಿಸಲು ಅನೇಕ ಸಾಣೆಗಾರರೇ ಒಪ್ಪಲಿಲ್ಲ ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಆಯಸ್ಸು ಹೆಚ್ಚಿದರೆ ಕಸುಬಿನಲ್ಲಿ ಜನ ಹೆಚ್ಚುತ್ತಾರೆ, ಜನ ಹೆಚ್ಚಿದರೆ ಕೂಲಿ ಇಳಿಯುತ್ತದೆ ಎಂಬ ಭಯ ಅವರಿಗೆ. ಹೊಸದಾಗಿ ಓದುವ ಹುಡುಗರು ಇದನ್ನು ಅಜ್ಞಾನ ಎಂದು ತಳ್ಳಿಹಾಕುತ್ತಾರೆ. ನಾನು ಹಾಗೆ ಓದಬೇಡಿ ಎನ್ನುತ್ತೇನೆ. ಫ್ಯಾನಿನ ಖರ್ಚು ಯಾರ ತಲೆಗೆ ಬರುತ್ತಿತ್ತು, ಕೂಲಿ ಇಳಿದರೆ ಮನೆಯಲ್ಲಿ ಒಲೆ ಹೇಗೆ ಉರಿಯುತ್ತಿತ್ತು ಎಂಬ ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು ಓದಿ. ಬೇಗ ಸಾಯುವುದನ್ನೂ ಕೂಲಿಯ ಲೆಕ್ಕದಲ್ಲಿ ಹಿಡಿಯಬೇಕಾದ ಸ್ಥಿತಿಗೆ ಮನುಷ್ಯರನ್ನು ತಂದದ್ದು ಯಾವುದು ಎಂದು ಕೇಳಿ.

ಅರ ಕಡಿಯುವವರ ಕಷ್ಟ ಬೇರೆ ಬಗೆಯದು. ಅರದ ಮೇಲಿನ ಹಲ್ಲುಗಳನ್ನು ಆಗ ಉಳಿ ಮತ್ತು ಸುತ್ತಿಗೆಯಿಂದ, ಕಣ್ಣಳತೆಯಲ್ಲೇ, ಒಂದೊಂದಾಗಿ ಕಡಿಯುತ್ತಿದ್ದರು. ಒಂದು ಬದಿ ಕಡಿದ ಮೇಲೆ ಮಗುಚಿದಾಗ ಆ ಹಲ್ಲು ಮೊಂಡಾಗಬಾರದಲ್ಲ, ಅದಕ್ಕೆ ಕೆಳಗೆ ಮೆತ್ತನೆಯ ಸೀಸದ ತುಂಡು ಇಡುತ್ತಿದ್ದರು. ಪ್ರತಿ ಏಟಿಗೂ ಸೀಸದ ಪುಡಿ. ಉಳಿ ಹಿಡಿದ ಬೆರಳನ್ನು ನಾಲಿಗೆಗೆ ತಾಗಿಸಿ ಒದ್ದೆಮಾಡಿಕೊಳ್ಳುವ ರೂಢಿ ಬೇರೆ. ಕಾಲಕ್ರಮದಲ್ಲಿ ಮಣಿಕಟ್ಟು ಬಿದ್ದುಹೋಗಿ ಕೈ ಎತ್ತಲಾಗದೆ ಕೂರುತ್ತಿದ್ದರು. ಈ ಕೆಲಸವನ್ನು ಹೆಂಗಸರು, ಮಕ್ಕಳು ಮನೆಯ ಹಿತ್ತಲಿನಲ್ಲೂ ಮಾಡುತ್ತಿದ್ದರು ಎಂಬುದನ್ನು ನೆನಪಿಡಿ, ಮುಂದೆ ಜನಗಣತಿಯ ಮಾತು ಬಂದಾಗ ಇದು ಬೇಕಾಗುತ್ತದೆ.

ಹೆಂಗಸರದ್ದೇ ಎನ್ನಬಹುದಾದ ಕಸುಬು ಬೆಳ್ಳಿ ಸಾಮಾನಿಗೆ ಹೊಳಪು ಕೊಡುವುದು. ತಾಮ್ರದ ಮೇಲೆ ಬೆಳ್ಳಿಯ ತಗಡು ಬೆಸೆಯುವ ವಿದ್ಯೆಯನ್ನು 1743ರ ಸುಮಾರಿಗೆ ಥಾಮಸ್ ಬೋಲ್ಸೋವರ್ ಇಲ್ಲೇ ಕಂಡುಹಿಡಿದಿದ್ದ. 1840ರ ನಂತರ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನ ಬಂದು, ಚಮಚ, ಚಹಾಪಾತ್ರೆ, ತಟ್ಟೆಗಳು ಮಧ್ಯಮ ವರ್ಗದ ಮನೆಗಳಿಗೂ ಇಳಿದವು. ತಿರುಗುವ ಚಕ್ರಕ್ಕೆ ಎಣ್ಣೆ ಮತ್ತು ಮರಳು ಹಚ್ಚಿ ಅವನ್ನು ತಿಕ್ಕುತ್ತಿದ್ದವರು ‘ಬಫರ್ ಗರ್ಲ್’ಗಳು. ತಲೆಗೆ ಬಟ್ಟೆ ಕಟ್ಟಿ, ಮೈಗೆ ಬಿಳಿ ನಿಲುವಂಗಿ ತೊಟ್ಟು, ಅದರ ಮೇಲೆ ಕಂದು ಕಾಗದ ಸುತ್ತಿಕೊಂಡು ನಿಂತರೂ ಸಂಜೆಗೆ ಮುಖವೆಲ್ಲ ಕಪ್ಪು. ಊರಿನಲ್ಲಿ ಅವರ ಬಗ್ಗೆ ಗಟ್ಟಿ ಬಾಯಿಯವರು ಎಂಬ ಮಾತಿತ್ತು. ಆ ಚಕ್ರಗಳ ಗದ್ದಲದಲ್ಲಿ ಮೆಲ್ಲಗೆ ಮಾತಾಡಿದರೆ ಕೇಳುವುದಾದರೂ ಹೇಗೆ?

ಹಿಡಿಗಳಿಗೆ ಬೇಕಾದ ಸಾಮಗ್ರಿ ಲೋಕದ ಮೂಲೆಮೂಲೆಯಿಂದ ಬರುತ್ತಿತ್ತು: ಆಫ್ರಿಕಾದ ಆನೆದಂತ, ಸಮುದ್ರದ ಮುತ್ತಿನ ಚಿಪ್ಪು, ಎಮ್ಮೆ ಎತ್ತುಗಳ ಕೊಂಬು, ಮೂಳೆ, ಮರ. ಭಾರತದಿಂದ ಹೋಗುತ್ತಿದ್ದುದು ಕಡವೆಯ ಕೊಂಬು. ಬೇಟೆಯ ಚಾಕು, ಜೇಬುಚಾಕುಗಳ ಹಿಡಿಗೆ ಅದಕ್ಕೆ ಸರಿಸಾಟಿಯಿಲ್ಲ ಎಂಬ ಹೆಸರಿತ್ತು.

ಈಗ ಚಾಕುವಿನಿಂದ ಉಕ್ಕಿನ ಕಡೆಗೆ ಹೋಗೋಣ. ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರದ ಕಸುಬಿನವನು, ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಸಿಗದೆ ಬೇಸತ್ತು, 1740ರ ದಶಕದಲ್ಲಿ ಜೇಡಿಯ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಕೊಂಡ. ವಿಕ್ಟೋರಿಯಾ ಕಾಲದುದ್ದಕ್ಕೂ ಶೆಫೀಲ್ಡಿನ ಒಳ್ಳೆಯ ಅಲಗಿನ ಜೀವಾಳ ಈ ಮೂಸೆಯ ಉಕ್ಕೇ. ಆ ಮೂಸೆಗಳನ್ನು ಮಾಡುವವನು ಜೇಡಿಯನ್ನು ಬರಿಗಾಲಿನಲ್ಲಿ ಗಂಟೆಗಟ್ಟಲೆ ತುಳಿಯುತ್ತಿದ್ದ. ಒಂದು ಸಣ್ಣ ಹರಳು ಉಳಿದರೂ ಮೂಸೆ ಬೆಂಕಿಯಲ್ಲಿ ಒಡೆಯುತ್ತದೆ, ಆ ಹರಳನ್ನು ಹುಡುಕಲು ಪಾದವೇ ಸರಿ. ಕುಲುಮೆಯಿಂದ ಮೂಸೆಯನ್ನು ಇಕ್ಕಳದಲ್ಲಿ ಮೇಲೆತ್ತುವವನು ಒಬ್ಬ, ಅಚ್ಚಿಗೆ ಸುರಿಯುವವನು ಇನ್ನೊಬ್ಬ, ನೆಲಮಾಳಿಗೆಯಲ್ಲಿ ಬೂದಿ ತೆಗೆದು ಬೆಂಕಿಯ ಗಾಳಿ ನೋಡಿಕೊಳ್ಳುವವನು ಒಬ್ಬ ಹುಡುಗ. ಕಾಲಿಗೆ ಒದ್ದೆ ಗೋಣಿ ಸುತ್ತಿಕೊಂಡು ಕೆಲಸ. ಕರಗಿದ ಉಕ್ಕಿನ ಹದವನ್ನು ಅಳೆಯುವ ಉಪಕರಣ ಇರಲಿಲ್ಲ. ಕಣ್ಣೇ ಅಳತೆ.

ಮೈಸೂರು ಸೀಮೆಗೂ ಇಲ್ಲಿ ನಿಜವಾದ ಒಂದು ನಂಟಿದೆ. 1800-01ರಲ್ಲಿ ಫ್ರಾನ್ಸಿಸ್ ಬುಕನನ್ ನಮ್ಮ ನಾಡಿನಲ್ಲಿ ಸಂಚರಿಸಿದಾಗ, ಮಾಗಡಿಯ ಸುತ್ತಮುತ್ತ ಸಣ್ಣ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದುಕೊಂಡ. ದಕ್ಷಿಣ ಭಾರತದ ಆ ಉಕ್ಕು ‘ವೂಟ್ಜ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳ ಕೈ ಸೇರಿತ್ತು. ಮೈಕೇಲ್ ಫ್ಯಾರಡೆ ಮತ್ತು ಜೇಮ್ಸ್ ಸ್ಟೊಡಾರ್ಟ್ ಅದರ ಗುಟ್ಟು ಹುಡುಕುತ್ತ 1820ರ ಸುಮಾರಿಗೆ ನಾನಾ ಮಿಶ್ರ ಉಕ್ಕುಗಳನ್ನು ಮಾಡಿ ನೋಡಿದರು. ಅವನ್ನು ದೊಡ್ಡ ಪ್ರಮಾಣದಲ್ಲಿ ಕರಗಿಸಿದ್ದು ಶೆಫೀಲ್ಡಿನ ಸ್ಯಾಂಡರ್ಸನ್ ಕಾರ್ಖಾನೆಯಲ್ಲಿ. ಇಷ್ಟರಿಂದ ಹಂಟ್ಸ್‌ಮನ್ ನಮ್ಮವರಿಂದ ಕಲಿತ ಎಂದು ಹಿಗ್ಗುವುದು ಬೇಡ, ಅದಕ್ಕೆ ಆಧಾರವಿಲ್ಲ. ಮಾಗಡಿಯ ಆ ಮೂಸೆಗಾರರ ಹೆಸರುಗಳು ನಮಗೆ ಏಕೆ ಉಳಿದಿಲ್ಲ ಎಂದು ಕೇಳಿಕೊಂಡರೆ ಸಾಕು.

1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಕಬ್ಬಿಣದೊಳಗೆ ಗಾಳಿ ಊದಿ ಅಗ್ಗದಲ್ಲಿ ಉಕ್ಕು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಬೇರೆಯವರು ನಂಬದಿದ್ದಾಗ 1858ರಲ್ಲಿ ತಾನೇ ಶೆಫೀಲ್ಡಿಗೆ ಬಂದು ಕಾರ್ಖಾನೆ ತೆರೆದ. ಅಲ್ಲಿಂದ ಊರಿನ ಪೂರ್ವ ಭಾಗ ಇನ್ನೊಂದು ಊರಾಯಿತು. ಆಟರ್‌ಕ್ಲಿಫ್, ಬ್ರೈಟ್‌ಸೈಡ್ ಕಡೆಯ ಹೊಲಗಳಲ್ಲಿ ಜಾನ್ ಬ್ರೌನನ ಅಟ್ಲಾಸ್ ವರ್ಕ್ಸ್, ಚಾರ್ಲ್ಸ್ ಕ್ಯಾಮೆಲ್‌ನ ಸೈಕ್ಲಾಪ್ಸ್ ವರ್ಕ್ಸ್, ಫರ್ತ್, ವಿಕರ್ಸ್ ಕಾರ್ಖಾನೆಗಳು ಬೆಳೆದವು. ರೈಲು ಹಳಿ, ಗಾಲಿಯ ಪಟ್ಟಿ, ಸ್ಪ್ರಿಂಗು, ಯುದ್ಧನೌಕೆಗೆ ಹೊದಿಸುವ ದಪ್ಪ ಉಕ್ಕಿನ ಹಲಗೆ. ಇಲ್ಲಿ ಚಿಕ್ಕ ಮೇಸ್ತ್ರಿಗೆ ಜಾಗವಿಲ್ಲ. ಸಾವಿರಾರು ಜನ ಒಂದೇ ಗೇಟಿನಲ್ಲಿ ಒಳಹೋಗುವ ದೃಶ್ಯ ಶೆಫೀಲ್ಡಿಗೂ ಬಂತು. ಅಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಹೊಗೆಯೆಲ್ಲ ಪೂರ್ವದ ಕಾರ್ಮಿಕರ ಬೀದಿಗಳ ಮೇಲೆ, ಯಜಮಾನರ ಬಂಗಲೆಗಳು ಪಶ್ಚಿಮದ ರಾನ್‌ಮೋರ್, ಬ್ರೂಮ್‌ಹಿಲ್ ಗುಡ್ಡಗಳ ಮೇಲೆ. ಜಾನ್ ಬ್ರೌನ್ ಎಂಡ್‌ಕ್ಲಿಫ್ ಹಾಲ್ ಕಟ್ಟಿಸಿದ್ದು ಅತ್ತ ಕಡೆಯೇ.

ಬಡವರು ಇದ್ದುದು ‘ಕೋರ್ಟ್’ಗಳಲ್ಲಿ. ಬೀದಿಯಿಂದ ಕಿರಿದಾದ ಸುರಂಗದಂಥ ದಾರಿ, ಒಳಗೆ ಒಂದು ಅಂಗಳ, ಸುತ್ತ ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ ಮನೆಗಳು, ಎಲ್ಲರಿಗೂ ಸೇರಿ ಒಂದು ನೀರಿನ ಪಂಪು, ಕೆಲವೇ ಪಾಯಿಖಾನೆ. ಎಷ್ಟೋ ಕಡೆ ಅದೇ ಅಂಗಳದಲ್ಲಿ ಕುಲುಮೆ. ಬೆನ್ನಿಗೆ ಬೆನ್ನು ತಾಗಿದ ಹೊಸ ಮನೆಗಳನ್ನು ಕಟ್ಟುವುದನ್ನು ನಿಷೇಧಿಸಿದ್ದು 1864ರಲ್ಲಿ. ಅದಕ್ಕೂ ಮೊದಲೇ 1832ರ ಕಾಲರಾ ಊರಿನ 402 ಜನರನ್ನು ಕೊಂಡೊಯ್ದಿತ್ತು. ಸತ್ತವರಲ್ಲಿ ಆ ವರ್ಷದ ಮಾಸ್ಟರ್ ಕಟ್ಲರ್ ಜಾನ್ ಬ್ಲೇಕ್ ಕೂಡ ಒಬ್ಬ.

ಇಷ್ಟು ತಿಳಿದ ಮೇಲೆ ಪುಸ್ತಕಗಳನ್ನು ತೆರೆಯಬಹುದು. ಮೊದಲನೆಯದು ವರ್ತಕರ ಡೈರೆಕ್ಟರಿ. 1787ರಲ್ಲೇ ಗೇಲ್ಸ್ ಮತ್ತು ಮಾರ್ಟಿನ್ ಎಂಬವರು ಶೆಫೀಲ್ಡಿನ ಡೈರೆಕ್ಟರಿ ಅಚ್ಚು ಹಾಕಿದ್ದರು, ಅದರಲ್ಲಿ ಕಸುಬುದಾರರ ಗುರುತುಗಳನ್ನೂ ಕೊಟ್ಟಿದ್ದರು. ವಿಕ್ಟೋರಿಯಾ ಕಾಲಕ್ಕೆ ವಿಲಿಯಂ ವೈಟ್‌ನ ಡೈರೆಕ್ಟರಿಗಳು ಪ್ರಸಿದ್ಧ, ಅವನು ಶೆಫೀಲ್ಡಿನಲ್ಲೇ ನೆಲೆಸಿದ ಪ್ರಕಾಶಕ. ಇಂಥ ಪುಸ್ತಕದಲ್ಲಿ ಊರಿನ ಚರಿತ್ರೆಯ ಕೆಲವು ಪುಟ, ಅಕಾರಾದಿಯಾಗಿ ಹೆಸರುಗಳು, ಆಮೇಲೆ ಕಸುಬಿನ ಪ್ರಕಾರ ಪಟ್ಟಿ ಇರುತ್ತವೆ. ಕಸುಬಿನ ಪಟ್ಟಿಯನ್ನು ನಿಧಾನವಾಗಿ ಓದಿ. ‘ಚಾಕು ತಯಾರಕರು’ ಎಂಬ ಒಂದು ತಲೆಬರಹ ಸಾಲುವುದಿಲ್ಲ ಅಲ್ಲಿ. ಊಟದ ಚಾಕು ಬೇರೆ, ಜೇಬುಚಾಕು ಬೇರೆ, ಕ್ಷೌರದ ಕತ್ತಿ, ಕತ್ತರಿ, ಗರಗಸ, ಅರ, ಕುಡುಗೋಲು ಎಲ್ಲ ಬೇರೆ ಬೇರೆ. ಹಿಡಿಗೆ ದಂತ ಕೊಯ್ಯುವವರು, ಕೊಂಬು ಒತ್ತುವವರು, ಸಾಣೆಗಲ್ಲು ಮಾರುವವರು. ನಡುನಡುವೆ ಬೇಕರಿಯವರು, ದರ್ಜಿಗಳು, ಮೋಚಿಗಳು. ಯಾವ ಹಳ್ಳಿಗೆ ಯಾವ ದಿನ ಯಾವ ಛತ್ರದಿಂದ ಸರಕಿನ ಗಾಡಿ ಹೊರಡುತ್ತದೆ ಎಂಬ ಪಟ್ಟಿ. ಒಬ್ಬನೇ ಮನುಷ್ಯ ಚಾಕುವಿನ ಕಸುಬಿನವನೂ ಬಿಯರ್ ಅಂಗಡಿಯವನೂ ಆಗಿರುವುದನ್ನು ಮತ್ತೆ ಮತ್ತೆ ಕಾಣುತ್ತೀರಿ. ಕಸುಬು ಕೈಕೊಟ್ಟ ವಾರ ಬಿಯರ್ ಮನೆ ನಡೆಸಬೇಕು.

ಡೈರೆಕ್ಟರಿಯ ಮಿತಿ ಇದು: ಅದು ವ್ಯಾಪಾರಕ್ಕಾಗಿ ಮಾಡಿದ ಪುಸ್ತಕ. ಸರಕು ಮಾರುವವರು, ವಿಳಾಸ ಬೇಕಾದವರು ಅದರಲ್ಲಿ ಇರುತ್ತಾರೆ. ಕೂಲಿಗೆ ಹೋಗುವವರು, ಅವರ ಹೆಂಡಂದಿರು, ಮಕ್ಕಳು ಬಹುಮಟ್ಟಿಗೆ ಇರುವುದಿಲ್ಲ. ಅದನ್ನೇ ಊರು ಎಂದುಕೊಂಡರೆ ಶೆಫೀಲ್ಡ್ ಯಜಮಾನರಷ್ಟೇ ಇರುವ ಊರಾಗಿಬಿಡುತ್ತದೆ.

ಆದ್ದರಿಂದ ಪಕ್ಕದಲ್ಲಿ ಜನಗಣತಿ ಇಟ್ಟುಕೊಳ್ಳಿ. 1851ರ ಮಾರ್ಚ್ 30ರ ರಾತ್ರಿ ಯಾವ ಮನೆಯಲ್ಲಿ ಯಾರು ಮಲಗಿದ್ದರು, ಮನೆಯ ಯಜಮಾನನಿಗೆ ಏನಾಗಬೇಕು, ವಯಸ್ಸೆಷ್ಟು, ಕಸುಬೇನು, ಹುಟ್ಟಿದ ಊರು ಯಾವುದು ಎಲ್ಲವೂ ಅದರಲ್ಲಿದೆ. ಐರ್ಲೆಂಡಿನ ಬರಗಾಲದಿಂದ ತಪ್ಪಿಸಿಕೊಂಡು ಬಂದವರು, ಸುತ್ತಲ ಹಳ್ಳಿಗಳಿಂದ ಮನೆಗೆಲಸಕ್ಕೆ ಬಂದ ಹುಡುಗಿಯರು ಮೊದಲ ಸಲ ಹೆಸರಿನೊಂದಿಗೆ ಎದುರಾಗುತ್ತಾರೆ. ಆದರೆ ಇದನ್ನೂ ಪೂರ್ತಿ ನಂಬಬೇಡಿ. ಗಂಡನ ಹೆಸರಿನ ಮುಂದೆ ‘ಅರ ಕಡಿಯುವವನು’ ಎಂದಿದ್ದು ಹೆಂಡತಿಯ ಮುಂದಿನ ಜಾಗ ಖಾಲಿ ಇದ್ದರೆ, ಆಕೆ ಸುಮ್ಮನೆ ಕೂತಿದ್ದಳು ಎಂದಲ್ಲ. ಹಿತ್ತಲಿನಲ್ಲಿ ಸೀಸದ ಮೇಲೆ ಅರ ಇಟ್ಟು ಕಡಿಯುತ್ತಿದ್ದವರನ್ನು ಮೇಲೆ ನೋಡಿದೆವಲ್ಲ. ಮಕ್ಕಳ ದುಡಿಮೆಯ ಬಗ್ಗೆ ವಿಚಾರಿಸಿದ ಸರ್ಕಾರಿ ಆಯೋಗದ 1843ರ ವರದಿ ಇಂಥ ಕಡೆ ಸಹಾಯಕ್ಕೆ ಬರುತ್ತದೆ. ಅದರಲ್ಲಿ ಮಕ್ಕಳನ್ನೇ ಕೇಳಿ ಬರೆದುಕೊಂಡ ಹೇಳಿಕೆಗಳಿವೆ.

ಮೂರನೆಯದು ಸಂಘಗಳ ಕಡೆಯ ದಾಖಲೆ, ಅಂದರೆ ಶೆಫೀಲ್ಡಿನ ಕಹಿಯಾದ ಅಧ್ಯಾಯ. ಪ್ರತಿ ಕಸುಬಿಗೂ ಒಂದು ಚಿಕ್ಕ ಕಾರ್ಮಿಕ ಸಂಘವಿತ್ತು. ಕೆಲಸವಿಲ್ಲದವನು ಕಡಿಮೆ ಕೂಲಿಗೆ ಒಪ್ಪಿಬಿಡದಂತೆ ಸಂಘವೇ ಅವನನ್ನು ಸಾಕುತ್ತಿತ್ತು. ಅದಕ್ಕೆ ಹಣ ಬೇಕು, ಚಂದಾ ಬಾಕಿಯಿಟ್ಟವನಿಂದ ವಸೂಲಿಯಾಗಬೇಕು. ಸಂಘಕ್ಕೆ ನ್ಯಾಯಾಲಯದ ರಕ್ಷಣೆ ಇರಲಿಲ್ಲ. ಆಗ ನಡೆಯುತ್ತಿದ್ದುದು ‘ರ‍್ಯಾಟನಿಂಗ್’: ರಾತ್ರಿ ಸಾಣೆಯ ಚಕ್ರದ ಪಟ್ಟೆಯನ್ನು ಬಿಚ್ಚಿಕೊಂಡು ಹೋಗುವುದು. ಬಾಕಿ ಕಟ್ಟಿದರೆ ಪಟ್ಟೆ ವಾಪಸು. ಕೆಲವು ಕಡೆ ಇದು ಇನ್ನೂ ಮುಂದೆ ಹೋಗಿ, ಮನೆಗೆ ಮದ್ದು ಸಿಡಿಸುವ, ಗುಂಡು ಹಾರಿಸುವ ಮಟ್ಟಕ್ಕೆ ಮುಟ್ಟಿತು. 1866ರ ಅಕ್ಟೋಬರಿನಲ್ಲಿ ಒಬ್ಬ ಗರಗಸ ಸಾಣೆಗಾರನ ಮನೆ ಸ್ಫೋಟಿಸಿತು. 1867ರಲ್ಲಿ ಬಂದ ವಿಚಾರಣಾ ಆಯೋಗ, ನಿಜ ಹೇಳಿದವರಿಗೆ ಶಿಕ್ಷೆಯಿಲ್ಲ ಎಂದು ಅಭಯ ಕೊಟ್ಟಿತು. ಗರಗಸ ಸಾಣೆಗಾರರ ಸಂಘದ ಕಾರ್ಯದರ್ಶಿ ವಿಲಿಯಂ ಬ್ರಾಡ್‌ಹೆಡ್ ಒಂದು ಕೊಲೆಗೂ ಹಣ ಕೊಟ್ಟದ್ದನ್ನು ಒಪ್ಪಿಕೊಂಡ. ಅವನು ಬಿಯರ್ ಮನೆಯ ಒಡೆಯ ಕೂಡ. ಅವನ ಕೃತ್ಯಕ್ಕೆ ಸಮರ್ಥನೆ ಇಲ್ಲ. ಆದರೆ ಕಾನೂನು ಬಾಗಿಲು ಮುಚ್ಚಿದ ಜನ ಕತ್ತಲಲ್ಲಿ ತಮ್ಮದೇ ನ್ಯಾಯ ನಡೆಸಿದರು ಎಂಬುದನ್ನು ಪಾರ್ಲಿಮೆಂಟೂ ಕಂಡುಕೊಂಡಿತು. 1871ರ ಕಾಯ್ದೆ ಸಂಘಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಈ ವಿಚಾರಣೆಯ ದಾಖಲೆ ಓದುವಾಗ ಅಪರಾಧದ ಕಥೆಗಷ್ಟೇ ಕಣ್ಣು ನೆಡಬೇಡಿ. ಸಾಕ್ಷಿ ಹೇಳಲು ಬಂದ ಸಾಣೆಗಾರರು ತಮ್ಮ ಕೂಲಿ, ಚಂದಾ, ಕಸುಬು ಕಲಿಯುವ ಹುಡುಗರ ಸಂಖ್ಯೆ ಎಲ್ಲವನ್ನೂ ತಮ್ಮ ಬಾಯಲ್ಲೇ ಹೇಳಿದ್ದಾರೆ.

ಊರಿನ ವಾರಕ್ಕೂ ಒಂದು ಲಯವಿತ್ತು. ಡಜನ್ ಲೆಕ್ಕದ ಕೂಲಿಯವರು ಸೋಮವಾರವನ್ನು ಸಂತನ ಹಬ್ಬವೆಂದು ಕರೆದು ಕೆಲಸಕ್ಕೆ ಹೋಗುತ್ತಿರಲಿಲ್ಲ. ವಾರದ ಕೊನೆಗೆ ಮೈಮುರಿದು ದುಡಿಯುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚಿನ ವಾರ ‘ಗೂಳಿ ವಾರ’, ಆಗ ರಾತ್ರಿಯೂ ದೀಪ ಆರುತ್ತಿರಲಿಲ್ಲ. ಬುಧವಾರ ಅರ್ಧ ದಿನ ಬಿಡುವಿದ್ದ ಕಸುಬುದಾರರು 1820ರಲ್ಲಿ ಕ್ರಿಕೆಟ್ ಕ್ಲಬ್ ಕಟ್ಟಿದರು, 1867ರಲ್ಲಿ ಫುಟ್‌ಬಾಲಿಗೂ ಇಳಿದರು. ಶೆಫೀಲ್ಡ್ ವೆಡ್ನೆಸ್‌ಡೇ ಎಂಬ ಇಂದಿನ ತಂಡ ಅದೇ.

1890ರಲ್ಲಿ ಅಮೆರಿಕ ಆಮದು ಸುಂಕ ಏರಿಸಿದಾಗ ಚಾಕುವಿನ ಕಸುಬಿಗೆ ದೊಡ್ಡ ಪೆಟ್ಟು ಬಿತ್ತು. ಅಲ್ಲಿನ ಗಿರಾಕಿಗಳನ್ನೇ ನಂಬಿ ತನ್ನ ಕಾರ್ಖಾನೆಗೆ ವಾಷಿಂಗ್ಟನ್ ವರ್ಕ್ಸ್ ಎಂದು ಹೆಸರಿಟ್ಟಿದ್ದ ವೋಸ್ಟನ್‌ಹೋಮ್‌ನಂಥ ಕಂಪನಿಗಳೂ ತತ್ತರಿಸಿದವು. ಅದೇ ಹೊತ್ತಿಗೆ ಫರ್ತ್ ಕಾರ್ಖಾನೆಯಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಯುವಕ ಉಕ್ಕಿನ ರಸಾಯನ ಕಲಿಯುತ್ತಿದ್ದ. ಅವನ ತಂದೆ ಅಲ್ಲೇ ಉಕ್ಕು ಕರಗಿಸುವ ಕೆಲಸದವನು. ಹುಡುಗ ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಕುಲುಮೆಯ ನೆಲಮಾಳಿಗೆಗೆ ಇಳಿದಿದ್ದ. 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಕರಗಿಸಿದವನು ಅವನೇ. ಮೂಸೆಯ ಕೆಲಸಗಾರರ ಬದುಕನ್ನು ಒಳಗಿನಿಂದ ಬರೆದಿಟ್ಟ ಅಪರೂಪದ ಲೇಖಕನೂ ಹೌದು.

ಹೊಸಬರು ಎಲ್ಲಿಂದ ಶುರುಮಾಡಬೇಕು? ದೊಡ್ಡ ಕಂಪನಿಗಳ ಚರಿತ್ರೆಯಿಂದ ಬೇಡ. ರಾಜರ್ಸ್ ಕಂಪನಿ 1851ರ ಮಹಾ ಪ್ರದರ್ಶನಕ್ಕೆ 75 ಅಲಗುಗಳ ನಾರ್ಫೋಕ್ ಚಾಕು ಮಾಡಿಸಿತ್ತು, ನೋಡಲು ಬೆರಗು ಹುಟ್ಟಿಸುತ್ತದೆ, ಆದರೆ ಅದರಿಂದ ಒಂದು ಓಣಿಯ ಬದುಕು ತಿಳಿಯುವುದಿಲ್ಲ. 1864ರ ಪ್ರವಾಹದ ಪರಿಹಾರ ಅರ್ಜಿಗಳಿಂದ ಶುರುಮಾಡಿ. ಆ ವರ್ಷ ಮಾರ್ಚ್ 11ರ ರಾತ್ರಿ, ಲಾಕ್ಸ್‌ಲಿ ಕಣಿವೆಯ ಮೇಲೆ ಹೊಸದಾಗಿ ಕಟ್ಟಿ ನೀರು ತುಂಬಿಸುತ್ತಿದ್ದ ಡೇಲ್ ಡೈಕ್ ಅಣೆಕಟ್ಟು ಒಡೆಯಿತು. ನಡುರಾತ್ರಿಯ ಹೊತ್ತಿಗೆ ನೀರು ಮಾಲಿನ್ ಬ್ರಿಜ್, ಹಿಲ್ಸ್‌ಬರೋಗಳನ್ನು ಕೊಚ್ಚಿಕೊಂಡು ಊರೊಳಗೆ ನುಗ್ಗಿತು. ಸುಮಾರು 240 ಜನ ಸತ್ತರು. ಆಮೇಲೆ ನಷ್ಟ ಪರಿಹಾರ ಕೇಳಿ ಆರು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಕಾರ್ಖಾನೆಯ ಒಡೆಯರ ಜೊತೆಗೆ, ಡೈರೆಕ್ಟರಿಯಲ್ಲಿ ಎಂದೂ ಹೆಸರು ಬಾರದ ಸಾಣೆಗಾರರು, ವಿಧವೆಯರು, ಬಾಡಿಗೆಯ ಕೋಣೆಯವರು ತಮ್ಮ ಮನೆಯಲ್ಲಿ ಏನೇನಿತ್ತು, ಎಷ್ಟು ಬೆಲೆಯದು, ಎಷ್ಟು ದಿನದ ಕೂಲಿ ಹೋಯಿತು ಎಂದು ಸಾಲುಸಾಲಾಗಿ ಬರೆಸಿದ್ದಾರೆ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯ ಇವನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಒಂದು ಅರ್ಜಿ ಆರಿಸಿಕೊಳ್ಳಿ. ಅದರಲ್ಲಿರುವ ಹೆಸರನ್ನು 1861ರ ಜನಗಣತಿಯಲ್ಲಿ ಹುಡುಕಿ, ಆ ಬೀದಿಯನ್ನು ಆ ಕಾಲದ ನಕ್ಷೆಯಲ್ಲಿ ಗುರುತುಮಾಡಿ, ಪಕ್ಕದ ವೀಲ್ ಯಾರದೆಂದು ಡೈರೆಕ್ಟರಿಯಲ್ಲಿ ನೋಡಿ. ಕಳೆದುಹೋದ ಸಾಮಾನಿನ ಪಟ್ಟಿಯಲ್ಲಿ ಕಸುಬಿನ ಸಲಕರಣೆ ಇದ್ದರೆ ಅದು ಯಾವ ಕಸುಬಿನದೆಂದು ತಿಳಿಯುವವರೆಗೆ ಮುಂದಿನ ಅರ್ಜಿಗೆ ಹೋಗಬೇಡಿ.